ಮೈಸೂರಿನ ಪಾದದ ಕ್ಲಿನಿಕ್: ಮೂರು ವರ್ಷ ಅಪ್ಪನನ್ನು ಕರೆದುಕೊಂಡು ಹೋದ ಮೇಲೆ

ಅಪ್ಪನಿಗೆ ಶುಗರ್ ಬಂದು ಹದಿನಾರು ವರ್ಷ. ಊರು ಪಾಂಡವಪುರದ ಕಡೆ, ಭತ್ತ ಮತ್ತು ಕಬ್ಬು. ಗದ್ದೆಗೆ ಯಾವತ್ತೂ ಬರಿಗಾಲಲ್ಲೇ ಇಳಿದವರು. 2022ರಲ್ಲಿ ಬಲಗಾಲ ಹೆಬ್ಬೆರಳ ಬುಡದಲ್ಲಿ ಆಣಿ ಎದ್ದಿತು. ಮೆಡಿಕಲ್ ಸ್ಟೋರಿನಿಂದ ಕಾರ್ನ್ ಪ್ಲಾಸ್ಟರ್ ತಂದು ಅಂಟಿಸಿಕೊಂಡರು. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಯ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಶುಗರಿನಿಂದ ಪಾದ ಜೋಮು ಹಿಡಿದಿದ್ದರಿಂದ ಅಪ್ಪನಿಗೆ ಉರಿಯೇ ಗೊತ್ತಾಗಲಿಲ್ಲ. ಹಬ್ಬಕ್ಕೆ ಹೋದಾಗ ಜಗಲಿಯ ಮೇಲೆ ಕೀವಿನ ಗುರುತು ಕಂಡು ಕೇಳಿದೆ. ‘ಏನಿಲ್ಲ ಬಿಡವ್ವ, ನೋವೇ ಇಲ್ಲ’ ಅಂದರು. ನೋವಿಲ್ಲ ಅಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ಮಾರನೇ ದಿನವೇ ಮೈಸೂರಿನ ಒಂದು ಖಾಸಗಿ ಪಾದದ ಕ್ಲಿನಿಕ್ಕಿಗೆ ಕರೆದುಕೊಂಡು ಬಂದೆ. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಕಡೆ ಮುಟ್ಟಿದರು. ಅಪ್ಪ ಗುರುತಿಸಿದ್ದು ಮೂರೇ ಕಡೆ. ಡಾಪ್ಲರ್‌ನಲ್ಲಿ ರಕ್ತದ ಓಡಾಟ ಚೆನ್ನಾಗಿದೆ ಎಂದು ಬಂತು. ಅದು ಕೆಟ್ಟಿದ್ದರೆ ರಕ್ತನಾಳದ ಸರ್ಜನ್ ಹತ್ತಿರ ಓಡಬೇಕಿತ್ತು, ಆಗ ಖರ್ಚಿನ ಲೆಕ್ಕವೇ ಬೇರೆ.

ಮೊದಲ ದಿನ ನಾನು ಕಟ್ಟಿದ್ದು: ಡಾಕ್ಟರ್ ಫೀಸು ₹500, ಎರಡು ಪರೀಕ್ಷೆಗೆ ₹1,200, ಸತ್ತ ಚರ್ಮ ಕೊಯ್ದು ತೆಗೆದದ್ದಕ್ಕೆ ₹1,500. ಇಷ್ಟೇ ಅಂದುಕೊಂಡೆ. ಹಣ ಕರಗಿದ್ದು ಆಮೇಲೆ. ಡ್ರೆಸಿಂಗ್ ಒಂದಕ್ಕೆ ₹300ರಂತೆ ಹದಿನಾಲ್ಕು ಸಲ, ಔಷಧಿಗೆ ₹2,400. ಗಾಯ ಮಾಯಲು ಹತ್ತು ವಾರ ಹಿಡಿಯಿತು. ಕೊನೆಯ ವಾರಗಳಲ್ಲಿ ನರ್ಸಮ್ಮ ನನಗೇ ಡ್ರೆಸಿಂಗ್ ಹೇಳಿಕೊಟ್ಟರು. ಆ ಒಂದು ಉಪಕಾರಕ್ಕೆ ಇವತ್ತಿಗೂ ಋಣಿ. ಆಯುಷ್ಮಾನ್ ಕಾರ್ಡ್ ಇತ್ತು, ಆದರೆ ಹೀಗೆ ಬಂದು ಹೋಗುವ ಡ್ರೆಸಿಂಗಿಗೆ, ಚಪ್ಪಲಿಗೆ ಅದು ಒದಗಲಿಲ್ಲ. ಕೈ ಬಿಗಿಯಿರುವವರು ಸರ್ಕಾರಿ ಆಸ್ಪತ್ರೆಗಳಾದ ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ಮಿಮ್ಸ್‌ನ ಸರ್ಜರಿ ಒಪಿಡಿಗೆ ಹೋಗಬಹುದು. ಕಾಯಬೇಕು, ಖರ್ಚು ಮಾತ್ರ ತೀರಾ ಕಡಿಮೆ.

ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ನೋಡುವುದಕ್ಕೆ ₹300, ಆಣಿ ಹೆರೆಯುವುದಕ್ಕೆ ₹600. ದುಡ್ಡು ಕೊಡಲು ಒಂದಿಷ್ಟೂ ಬೇಸರವಿಲ್ಲ. ಗಟ್ಟಿಯಾದ ಆಣಿ ಅಂಗಾಲಿನ ಕೆಳಗೆ ಕಲ್ಲಿಟ್ಟ ಹಾಗೆ. ಬಿಟ್ಟರೆ ಅದರಡಿಯಲ್ಲೇ ಮತ್ತೆ ಗಾಯವಾಗುತ್ತದೆ. ಇನ್ನೊಂದು ಖರ್ಚು ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ, ಒಂದು ಜೊತೆಗೆ ₹1,800. ಅಡಿ ಮೆತ್ತಗಿದೆ, ಹಿಂದೆ ಪಟ್ಟಿಯಿದೆ. ಹವಾಯಿ ಕಾಲಿಂದ ಜಾರಿ ಬಿದ್ದರೂ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಅಡಿ ಅಪ್ಪಚ್ಚಿಯಾಗುವುದರಿಂದ ವರ್ಷಕ್ಕೆ ಎರಡು ಜೊತೆ ಬೇಕು. ಎಲ್ಲ ಸೇರಿ ವರ್ಷಕ್ಕೆ ₹9,000. ಗದ್ದೆಯ ಕೆಸರಿಗೆ ಈ ಚಪ್ಪಲಿ ಆಗದು, ಅಲ್ಲಿ ಗಂಬೂಟು. ಅಪ್ಪ ಒಪ್ಪಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಬೇಸರವಾದದ್ದೂ ಇದೆ. ವರ್ಷದ ಪ್ಯಾಕೇಜ್ ತೆಗೆದುಕೊಳ್ಳಿ ಎಂದು ಕೌಂಟರಿನಲ್ಲಿ ಪ್ರತಿ ಸಲ ಒತ್ತಾಯ. ಬಿಡಿಸಿ ನೋಡಿದರೆ ಅದರಲ್ಲಿ ಪಾದದ ಮಸಾಜು, ಲೇಸರ್ ಅಂತ ಅಪ್ಪನಿಗೆ ಬೇಡದ್ದೇ ಹೆಚ್ಚು. ನಾನು ತೆಗೆದುಕೊಳ್ಳಲಿಲ್ಲ. ಬಿಲ್ಲಿನಲ್ಲಿ ‘ಪ್ರೊಸೀಜರ್’ ಎಂದಷ್ಟೇ ಬರೆಯುತ್ತಿದ್ದರು. ಏನು ಮಾಡಿದಿರಿ ಎಂದು ಬಿಡಿಸಿ ಬರೆಸಿಕೊಳ್ಳಲು ಜಗಳವಾಡಬೇಕಾಯಿತು. ಹತ್ತು ಗಂಟೆಗೆ ಬರಹೇಳಿ ಹನ್ನೆರಡಕ್ಕೆ ನೋಡುತ್ತಾರೆ. ಊರಿಂದ ಬಸ್ಸಲ್ಲಿ ಬರುವ ವಯಸ್ಸಾದವರಿಗೆ ಇದು ಹಿಂಸೆ. 2023ರಿಂದ ಶಕ್ತಿ ಯೋಜನೆಯಲ್ಲಿ ನನ್ನ ಟಿಕೆಟ್ ಉಳಿಯಿತು, ಅಪ್ಪನದು ಮಾತ್ರ ಖರ್ಚು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರು ವರ್ಷದಲ್ಲಿ ಎರಡನೇ ಗಾಯ ಆಗಿಲ್ಲ. ಹೋಗುವವರು ಹಳೇ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಸವೆದ ಜಾಗ ನೋಡಿ ಪಾದದ ಭಾರ ಎಲ್ಲಿ ಬೀಳುತ್ತಿದೆ ಎಂದು ಅವರು ಹೇಳಬಲ್ಲರು.