ನಾಲ್ಕು ವರ್ಷ ಫುಲ್‌ಫೇಸ್ ಹೆಲ್ಮೆಟ್ ಹಾಕಿ ಓಡಾಡಿದ ಮೇಲೆ

ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಎರಡೂ ಕಡೆ ಸೇರಿ 20 ಕಿಲೋಮೀಟರ್ ಹತ್ತಿರ ಆಗುತ್ತದೆ, ಅದರಲ್ಲಿ ಅರ್ಧ ರಿಂಗ್ ರೋಡ್. ನಾಲ್ಕು ವರ್ಷದಿಂದ ಒಂದೇ ಮಾಡೆಲ್‌ನ ಫುಲ್‌ಫೇಸ್ ಹೆಲ್ಮೆಟ್ ಹಾಕುತ್ತಿದ್ದೇನೆ. ಮೊದಲು ತಂದದ್ದು ಮೂರನೇ ವರ್ಷದಲ್ಲಿ ಹೋಯಿತು. ಹೇಗೆ ಹೋಯಿತು ಅಂತ ಮುಂದೆ ಹೇಳುತ್ತೇನೆ. ಈಗಿರುವುದೂ ಅದೇ ಮಾಡೆಲ್, ಅದೇ ಸೈಜ್. ಕಂಪನಿ ಹೆಸರು ಬರೆಯುತ್ತಿಲ್ಲ. ಸಾವಿರದ ಐನೂರು ರೂಪಾಯಿ ಆಸುಪಾಸಿನ ಐಎಸ್ಐ ಹೆಲ್ಮೆಟ್ ನೋಡುತ್ತಿರುವ ಯಾರಿಗಾದರೂ ಈ ಅನುಭವ ಉಪಯೋಗಕ್ಕೆ ಬರಬಹುದು.

ಸ್ಕೂಟರ್ ತಗೊಂಡಾಗ ಶೋರೂಮಿನವರು ಒಂದು ಹಾಫ್ ಹೆಲ್ಮೆಟ್ ಕೊಟ್ಟಿದ್ದರು. ಅದು ಕಿವಿಯ ಮೇಲಕ್ಕೇ ನಿಲ್ಲುತ್ತಿತ್ತು. ಒಳಗೆ ಬೆರಳಿಟ್ಟು ಒತ್ತಿದರೆ ತೆಳ್ಳನೆ ಸ್ಪಂಜು, ಅದರ ಹಿಂದೆ ನೇರವಾಗಿ ಪ್ಲಾಸ್ಟಿಕ್. ಆಮೇಲೆ ರಸ್ತೆ ಬದಿಯಲ್ಲಿ ಒಂದು ತಗೊಂಡೆ. ಅದರ ಹಿಂಭಾಗದ ಐಎಸ್ಐ ಸ್ಟಿಕ್ಕರ್ ಉಗುರಿನಲ್ಲಿ ಕೆರೆದರೆ ಕಿತ್ತು ಬಂತು. ಇಂಥದ್ದನ್ನು ಮಾರುವುದೇ ತಪ್ಪು. 2021ರ ಜೂನ್ 1ರಿಂದ ಐಎಸ್ಐ ಮುದ್ರೆ ಇಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಅಸಲಿ ಮುದ್ರೆಯಾದರೆ ಮೇಲೆ ಐಎಸ್ 4151 ಅಂತ ಇರುತ್ತದೆ, ಕೆಳಗೆ ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು, ಐಎಸ್ಐ ಮುದ್ರೆ ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಾರ್ಖಾನೆಯದು ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಬಹುದು, ಎರಡು ನಿಮಿಷದ ಕೆಲಸ.

ಒಳ್ಳೆ ಹೆಲ್ಮೆಟ್ಟಿನಲ್ಲಿ ನಿಜವಾಗಿ ಕೆಲಸ ಮಾಡುವುದು ಹೊರಗಿನ ಹೊಳೆಯುವ ಚಿಪ್ಪೊಂದೇ ಅಲ್ಲ. ಬಟ್ಟೆ ಮತ್ತು ಸ್ಪಂಜಿನ ಹಿಂದೆ ಗಟ್ಟಿ ಥರ್ಮಾಕೋಲ್ ಥರದ ಒಂದು ಪದರ ಇರುತ್ತದೆ. ಏಟು ಬಿದ್ದಾಗ ಅದು ಜಜ್ಜಿ ಹೋಗುತ್ತದೆ. ಅದು ಜಜ್ಜುವಷ್ಟು ಹೊತ್ತಿನಲ್ಲೇ ತಲೆಯ ವೇಗ ಇಳಿಯುತ್ತದೆ, ಮೆದುಳಿಗೆ ತಾಗುವ ಹೊಡೆತ ಕಡಿಮೆಯಾಗುತ್ತದೆ. ಹಾಫ್ ಹೆಲ್ಮೆಟ್ಟಿನಲ್ಲಿ ಈ ಪದರ ಇರುವುದೇ ಅಪರೂಪ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2008ರ ವರದಿಯ ಪ್ರಕಾರ, ಅಪಘಾತ ಆದಾಗ ಹೆಲ್ಮೆಟ್ ಇದ್ದರೆ ಸಾವಿನ ಅಪಾಯ 42% ಕಡಿಮೆ, ತಲೆ ಗಾಯದ ಅಪಾಯ 69% ಕಡಿಮೆ.

ಸೈಜಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಾನು ಮೊದಲು ತಪ್ಪಿದ್ದು ಇಲ್ಲೇ. ಅಂಗಡಿಗಳಲ್ಲಿ ಸಾಮಾನ್ಯವಾಗಿ 580 ಮತ್ತು 600 ಇಟ್ಟಿರುತ್ತಾರೆ. ಇದು ತಲೆಯ ಸುತ್ತಳತೆ, ಮಿಲಿಮೀಟರಿನಲ್ಲಿ. ನಾನು ಮೊದಲು ಹಾಕಿ ನೋಡಿದ್ದು 580. "ಫ್ರೀಯಾಗಿದೆ ಮೇಡಂ, ಸೆಖೆ ಆಗಲ್ಲ" ಅಂತ ಅಂಗಡಿಯವರು ಹೇಳಿದರು. ಮನೆಗೆ ಬಂದು ಟೈಲರ್ ಟೇಪಿನಲ್ಲಿ ಹುಬ್ಬಿನ ಮೇಲಿಂದ ಸುತ್ತ ಅಳೆದೆ. 55 ಸೆಂಟಿಮೀಟರ್ ಬಂತು. ನನಗೆ ಬೇಕಾಗಿದ್ದು 560. ಅದನ್ನು ಹುಡುಕಿಕೊಂಡು ನಾಲ್ಕು ಅಂಗಡಿ ತಿರುಗಿದೆ.

ಸರಿಯಾದ ಸೈಜ್ ಮೊದಲ ದಿನ ಬಿಗಿ ಅನ್ನಿಸುತ್ತದೆ. ಕೆನ್ನೆ ಒತ್ತಿ ಬಾಯಿ ಸ್ವಲ್ಪ ಮುಂದೆ ಬರುತ್ತದೆ. ಹಣೆ ನೋಯಬಾರದು, ಅಷ್ಟೇ. ಸ್ಟ್ರಾಪ್ ಹಾಕಿಕೊಂಡು ಹಿಂದಿನಿಂದ ಹಿಡಿದು ಮುಂದಕ್ಕೆ ಎತ್ತಿ ನೋಡಿದೆ. 580 ಕಣ್ಣಿನ ಮೇಲಕ್ಕೆ ಜಾರಿ ಬಂತು. 560 ಅಲ್ಲಾಡಲಿಲ್ಲ. ಕೆನ್ನೆ ಹತ್ತಿರದ ಪ್ಯಾಡ್ ಎರಡು ಮೂರು ತಿಂಗಳಲ್ಲಿ ಹದಕ್ಕೆ ಬಂತು.

ಹೆಂಗಸರಿಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿಲ್ಲ. ತುರುಬು ಕಟ್ಟಿ, ದೊಡ್ಡ ಕ್ಲಿಪ್ ಹಾಕಿ ಹೆಲ್ಮೆಟ್ ಹಾಕಿದರೆ ಅದು ಹಿಂದೆ ಎತ್ತಿಕೊಳ್ಳುತ್ತದೆ, ಮುಂದೆ ಹುಬ್ಬಿನ ಮೇಲೆ ಬಾಗುತ್ತದೆ. ಅದಕ್ಕೇ ಎಷ್ಟೋ ಜನ ದೊಡ್ಡ ಸೈಜ್ ತಗೊಳ್ಳುತ್ತಾರೆ. ಹಾಗೆ ಮಾಡಿದರೆ ಬಿದ್ದಾಗ ಹೆಲ್ಮೆಟ್ ತಲೆ ಮೇಲೆ ನಿಲ್ಲುವುದಿಲ್ಲ. ನಾನು ಈಗ ಕುತ್ತಿಗೆ ಹತ್ತಿರ ಸಡಿಲವಾಗಿ ಜಡೆ ಹಾಕಿಕೊಳ್ಳುತ್ತೇನೆ. ಕ್ಲಿಪ್ ಬ್ಯಾಗಿನಲ್ಲಿ ಇರುತ್ತದೆ, ಆಫೀಸಿಗೆ ಹೋದ ಮೇಲೆ ಹಾಕಿಕೊಳ್ಳುತ್ತೇನೆ.

ದಿನನಿತ್ಯದ ಬಳಕೆಯಲ್ಲಿ ಬೇಜಾರು ತರಿಸುವುದು ವೈಸರ್. ರಿಂಗ್ ರೋಡಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿ ಮೊದಲ ವರ್ಷವೇ ಅದರ ತುಂಬಾ ಗೀರು ಮಾಡಿಕೊಂಡೆ. ರಾತ್ರಿ ಎದುರಿನ ಹೆಡ್‌ಲೈಟ್ ಆ ಗೀರುಗಳ ಮೇಲೆ ಬಿದ್ದರೆ ರಸ್ತೆಯೇ ಕಾಣುವುದಿಲ್ಲ. ಈಗ ನೀರು ಹಾಕಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒತ್ತುತ್ತೇನೆ. ನಾಲ್ಕು ವರ್ಷದಲ್ಲಿ ಎರಡು ಸಲ ವೈಸರ್ ಮಾತ್ರ ಬದಲಾಯಿಸಿದ್ದೇನೆ. ಮಳೆಯಲ್ಲಿ ಒಳಗೆ ಆವಿ ಕಟ್ಟುತ್ತದೆ, ಒಂದು ಹಲ್ಲಿನಷ್ಟು ಮೇಲಕ್ಕೆತ್ತಿದರೆ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಸೆಖೆ ಆಗುವುದು ನಿಜ. ಹಾರ್ನ್ ಕೇಳಿಸಲ್ಲ ಅನ್ನುವುದು ಮಾತ್ರ ನನ್ನ ಅನುಭವದಲ್ಲಿ ಸುಳ್ಳು. ಹಿಂದಿನ ಬಸ್ಸಿನ ಹಾರ್ನ್ ಚೆನ್ನಾಗಿಯೇ ಕೇಳಿಸುತ್ತದೆ.

ಇನ್ನು ಆ ಮೊದಲ ಹೆಲ್ಮೆಟ್. ಜುಲೈ ತಿಂಗಳು, ಸಂಜೆ, ಜಿಟಿಜಿಟಿ ಮಳೆ. ರಿಂಗ್ ರೋಡಿನಿಂದ ಸರ್ವಿಸ್ ರೋಡಿಗೆ ಎಡಕ್ಕೆ ತಿರುಗುತ್ತಿದ್ದೆ. ಯಾವುದೋ ಲಾರಿಯಿಂದ ಎಂ‌ಸ್ಯಾಂಡ್ ಚೆಲ್ಲಿತ್ತು. ನನ್ನ ವೇಗ 30 ಕೂಡ ಇರಲಿಲ್ಲ. ಮುಂದಿನ ಚಕ್ರ ಜಾರಿ ಎಡಕ್ಕೆ ಬಿದ್ದೆ. ಮೊಣಕೈ ಸುಲಿಯಿತು, ಮಂಡಿ ಊದಿತು. ಗದ್ದ ನೆಲಕ್ಕೆ ಬಡಿದ ಸದ್ದು ತಲೆಯೊಳಗೆ ಕೇಳಿಸಿತು. ಮನೆಗೆ ಬಂದು ನೋಡಿದರೆ ಗದ್ದದ ಭಾಗದಲ್ಲಿ ನಾಲ್ಕು ಬೆರಳಗಲ ಬಣ್ಣ ಕಿತ್ತು ಬಿಳಿ ಪ್ಲಾಸ್ಟಿಕ್ ಕಾಣುತ್ತಿತ್ತು. ಪ್ಯಾಡ್ ತೆಗೆದೆ. ಒಳಗಿನ ಥರ್ಮಾಕೋಲಿನಲ್ಲಿ ಕೂದಲೆಳೆಯಂಥ ಬಿರುಕು. ಹಾಫ್ ಹೆಲ್ಮೆಟ್ ಆಗಿದ್ದರೆ ಆ ಜಾಗದಲ್ಲಿ ನನ್ನ ದವಡೆ ಇರುತ್ತಿತ್ತು. ಆ ಸಂಜೆ ತುಂಬಾ ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಜಜ್ಜಿದ ಆ ಪದರ ಮತ್ತೆ ಮೊದಲಿನಂತೆ ಆಗುವುದಿಲ್ಲ. ಒಂದು ದೊಡ್ಡ ಏಟಿಗೆ ಒಂದು ಹೆಲ್ಮೆಟ್ ಅಂತಲೇ ಲೆಕ್ಕ. ಸ್ಟ್ರಾಪ್ ಕತ್ತರಿಸಿ ಕಸಕ್ಕೆ ಹಾಕಿದೆ, ಯಾರೂ ಎತ್ತಿಕೊಂಡು ಹಾಕಿಕೊಳ್ಳಬಾರದು ಅಂತ. ಮರುದಿನವೇ ಅದೇ ಮಾಡೆಲ್ ತಂದೆ.

ನಮ್ಮಲ್ಲಿ ಹೆಲ್ಮೆಟ್ ಚರ್ಚೆ ಅಂದರೆ ಬರೀ ದಂಡದ ಚರ್ಚೆ. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾಗಿ ದಂಡ 1000 ರೂಪಾಯಿ ಆಯಿತು, ಜನ ಸಿಟ್ಟಾದರು, ರಾಜ್ಯ ಸರ್ಕಾರ 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕಟ್ಟಲು ಜನ ಮುಗಿಬಿದ್ದರು. "ಮೊದಲು ರಸ್ತೆ ಗುಂಡಿ ಮುಚ್ಚಲಿ, ಆಮೇಲೆ ಹೆಲ್ಮೆಟ್ ಕೇಳಲಿ" ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಚೆಲ್ಲಿದ ಮರಳನ್ನು ಗುಡಿಸಿದ್ದರೆ ನಾನೂ ಬೀಳುತ್ತಿರಲಿಲ್ಲ. ಆದರೆ ಅಲ್ಲಿವರೆಗೂ ಬೀಳುವುದು ನಮ್ಮ ತಲೆಯೇ ಅಲ್ವಾ?

ಅದೇ 2019ರ ತಿದ್ದುಪಡಿ ಇನ್ನೊಂದು ಮಾತು ಹೇಳುತ್ತದೆ. ಹೆಲ್ಮೆಟ್ ಇದ್ದರೆ ಸಾಲದು, ಸ್ಟ್ರಾಪ್ ಕಟ್ಟಿ ತಲೆಗೆ ಭದ್ರವಾಗಿ ಕೂತಿರಬೇಕು. ಸಿಗ್ನಲ್ಲಿನಲ್ಲಿ ಸುಮ್ನೆ ಒಮ್ಮೆ ಸುತ್ತ ನೋಡಿದರೆ ಎಷ್ಟು ಸ್ಟ್ರಾಪ್ ಗಾಳಿಗೆ ಹಾರಾಡುತ್ತಿರುತ್ತವೆ! ಹಿಂದೆ ಒಮ್ಮೆ ಟ್ರಾಫಿಕ್ ಪೊಲೀಸರೊಬ್ಬರು ನನ್ನನ್ನು ನಿಲ್ಲಿಸಿ, ದಂಡ ಹಾಕದೆ, "ಮೇಡಂ, ಸ್ಟ್ರಾಪ್ ಟೈಟ್ ಮಾಡ್ಕೊಳ್ಳಿ, ಎರಡು ಬೆರಳು ಹೋಗುವಷ್ಟು ಇರಲಿ" ಅಂದಿದ್ದರು. ದಂಡದ ಯಾವ ಚೀಟಿಗಿಂತಲೂ ಆ ಮಾತು ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಸ್ಟ್ರಾಪ್ ದಿನ ಕಳೆದಂತೆ ಸಡಿಲವಾಗುತ್ತದೆ. ಎರಡು ತಿಂಗಳಿಗೊಮ್ಮೆ ಬೆರಳಿಟ್ಟು ನೋಡುತ್ತೇನೆ.

ಹಿಂದೆ ಕೂತವರ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ನೋವಾಗುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕು ಅಂತ 2016ರ ಜನವರಿಯಲ್ಲೇ ಜಾರಿಗೆ ತಂದರು. ಆದರೂ ಹೆಂಡತಿ, ತಾಯಿ, ಮಕ್ಕಳು ಬರಿತಲೆಯಲ್ಲಿ ಹಿಂದೆ ಕೂತಿರುತ್ತಾರೆ. ಇಲ್ಲದಿದ್ದರೆ ಮನೆಯಲ್ಲಿರುವ ಹಳೇ ಹೆಲ್ಮೆಟ್ ಅವರ ಪಾಲಿಗೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಅದರಲ್ಲಿ 14,337 ಜನ ಹಿಂದೆ ಕೂತಿದ್ದವರು.

ನಮ್ಮ ಅಮ್ಮನೂ ಮೊದಲು ಒಪ್ಪಲಿಲ್ಲ. "ಇಲ್ಲೇ ದೇವರಾಜ ಮಾರ್ಕೆಟ್ ತನಕ ತಾನೇ ಪುಟ್ಟಿ, ಮುಡಿದ ಹೂವೆಲ್ಲ ನಲುಗತ್ತೆ" ಅನ್ನುತ್ತಿದ್ದರು. ನನ್ನ ಹಳೇ ಹೆಲ್ಮೆಟ್ ಕೊಟ್ಟರೆ ಸಡಿಲ, ವಾಸನೆ ಬೇರೆ. ಅವರು ಬೇಡ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ದಿನ ಅಂಗಡಿಗೇ ಕರೆದುಕೊಂಡು ಹೋದೆ. ಕನ್ನಡಿ ಮುಂದೆ ಐದಾರು ಹಾಕಿ ನೋಡಿದರು. ಮುಖ ತೆರೆದಿರುವ, ಕಿವಿ ಮುಚ್ಚುವ, ಒಳಗೆ ಪೂರ್ತಿ ಪದರ ಇರುವ ಒಂದು ಐಎಸ್ಐ ಹೆಲ್ಮೆಟ್ ಆರಿಸಿದರು. ಫುಲ್‌ಫೇಸಿನಷ್ಟು ರಕ್ಷಣೆ ಇಲ್ಲ ಅಂತ ಗೊತ್ತು. ಆದರೆ ಅದನ್ನು ಅವರು ಹಾಕಿಕೊಳ್ಳುತ್ತಾರೆ. ಮಾರ್ಕೆಟ್ಟಿಗೆ ಹೋದಾಗ ಅಲ್ಲೇ ಹೂ ತಗೊಂಡು, ಮನೆಗೆ ಬಂದ ಮೇಲೆ ಮುಡಿಯುತ್ತಾರೆ.

2025ರ ಜೂನ್‌ನಲ್ಲಿ ಕೇಂದ್ರ ಒಂದು ಕರಡು ನಿಯಮ ತಂದಿತು, ಹೊಸ ದ್ವಿಚಕ್ರ ವಾಹನದ ಜೊತೆ ಎರಡು ಹೆಲ್ಮೆಟ್ ಕೊಡಬೇಕು ಅಂತ. ಒಳ್ಳೆಯದೇ. ಆದರೆ ಯಾವ ಸೈಜಿನ ಎರಡು? ಎರಡೂ 580 ಕೊಟ್ಟು ಕೈ ತೊಳೆದುಕೊಂಡರೆ ಅವು ಮನೆಯ ಅಟ್ಟ ಸೇರುತ್ತವೆ. ಟೇಪ್ ಹಿಡಿದು ಇಬ್ಬರ ತಲೆಯನ್ನೂ ಅಳೆದು ಕೊಡುವಂತಾಗಬೇಕು. ನಮ್ಮೂರಲ್ಲಿ ಯಾರಾದರೂ ಕೇಳಬೇಕಾದ ಬೇಡಿಕೆ ಇದು. ಮಕ್ಕಳದ್ದು ಇನ್ನೂ ಕಷ್ಟ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್, ಬೆಲ್ಟ್ ಬೇಕು, ಮಗು ಹಿಂದೆ ಕೂತಿದ್ದಾಗ ವೇಗ 40 ದಾಟಬಾರದು ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ. ಅಕ್ಕನ ಮಗನಿಗೆ ಮೂರೂವರೆ ವರ್ಷ. ಅವನ ತಲೆಗೆ ಸರಿಹೋಗುವುದು ಮೂರು ಅಂಗಡಿಯಲ್ಲಿ ಸಿಗಲಿಲ್ಲ, ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆವು.

ಬೀಳದೇ ಇದ್ದರೂ ಮೂರರಿಂದ ಐದು ವರ್ಷಕ್ಕೆ ಹೆಲ್ಮೆಟ್ ಬದಲಾಯಿಸಿ ಅಂತ ತಯಾರಕರು ಹೇಳುತ್ತಾರೆ. ತಯಾರಾದ ತಿಂಗಳು, ವರ್ಷ ಒಳಗಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಅಮ್ಮನದರಲ್ಲಿ 2022 ಅಂತ ಇದೆ. ದಸರಾ ಹೊತ್ತಿಗೆ ಹೊಸದು ತರಬೇಕು. ಬಣ್ಣ ಈಗಲೇ ಹೇಳಿಟ್ಟಿದ್ದಾರೆ, ಮೆರೂನ್.