ವಾಕರ್, ಒಂಟಿ ಕೋಲು, ನಾಲ್ಕು ಕಾಲಿನ ಕೋಲು: ಮೂರನ್ನೂ ಹಿಡಿದು ನಡೆದ ಮೇಲೆ

ಲಕ್ವ ಹೊಡೆದ ಮೇಲೆ ನಡೆಯೋಕೆ ಯಾವುದು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ನಾಲ್ಕು ಕಾಲಿನ ಕೋಲು ಅಂತಲೇ ಹೇಳುವುದು. ಆದರೆ ನಾವು ಮೊದಲು ದುಡ್ಡು ಸುರಿದದ್ದು ವಾಕರ್‌ಗೆ.

ಲಕ್ವ ಹೊಡೆದದ್ದು ನನ್ನ ಬಲಭಾಗಕ್ಕೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಗ ಇಲ್ಲೇ ದಾವಣಗೆರೆಯ ಒಂದು ಸರ್ಜಿಕಲ್ ಅಂಗಡಿಯಿಂದ ವಾಕರ್ ತಂದ. ನೋಡೋಕೆ ಗಟ್ಟಿಮುಟ್ಟು. ಆದರೆ ಅದಕ್ಕೆ ಎರಡು ಕೈ ಬೇಕಲ್ವಾ? ನನ್ನ ಬಲಗೈ ಬೆರಳು ಮಡಚುತ್ತಲೇ ಇರಲಿಲ್ಲ. ಎಡಗೈ ಒಂದರಲ್ಲೇ ಎತ್ತಿ ಮುಂದಿಟ್ಟರೆ ವಾಕರ್ ಬಲಕ್ಕೆ ತಿರುಗಿ ಗೋಡೆ ಕಡೆ ಹೊರಡುತ್ತಿತ್ತು. ನಮ್ಮದು ಹಳೇ ಮನೆ, ಹೊಸ್ತಿಲು ಎತ್ತರ. ಬಚ್ಚಲಿನ ಬಾಗಿಲಲ್ಲಂತೂ ಸಿಕ್ಕಿಕೊಂಡೇ ಬಿಡುತ್ತಿತ್ತು. ಎರಡೂ ಕೈಯಲ್ಲಿ ಹಿಡಿತ ಇದ್ದವರು ಬೇಕಾದರೆ ತೆಗೆದುಕೊಳ್ಳಲಿ.

ಒಂಟಿ ಕೋಲು ನಮ್ಮಪ್ಪನದು, ಅಟ್ಟದ ಮೇಲಿತ್ತು. ಹಗುರ, ಖರ್ಚಿಲ್ಲ. ಆದರೆ ಬೀಳುತ್ತದೆ. ನನಗೆ ಕೆಲಸ ಮಾಡುವ ಕೈ ಒಂದೇ. ಅದರಲ್ಲೇ ಕೋಲು, ಅದರಲ್ಲೇ ಚಿಲಕ, ಅದರಲ್ಲೇ ಜೇಬಿನ ದುಡ್ಡು. ಗೋಡೆಗೆ ಒರಗಿಸಿದರೆ ಜಾರಿ ಟಪ್ ಅಂತ ನೆಲಕ್ಕೆ. ಬಗ್ಗಿ ಎತ್ತಿಕೊಳ್ಳುವಷ್ಟು ಬ್ಯಾಲೆನ್ಸ್ ಇದ್ದಿದ್ದರೆ ಕೋಲು ಯಾಕೆ ಬೇಕಿತ್ತು?

ನಾಲ್ಕು ಕಾಲಿನದು ಬಿಟ್ಟ ಕಡೆ ನಿಲ್ಲುತ್ತದೆ. ಇಷ್ಟಕ್ಕೇ ನಾನು ಅದಕ್ಕೆ ಸೋತೆ. ಆದರೆ ಮೊದಲ ಎರಡು ವಾರ ಅದೂ ಕಾಟ ಕೊಟ್ಟಿತು. ಹೆಜ್ಜೆ ಇಟ್ಟಾಗಲೆಲ್ಲ ಅದರ ಕಾಲು ನನ್ನ ಎಡಗಾಲಿಗೆ ತಗಲುತ್ತಿತ್ತು. ಎರಡು ಸಲ ಮುಗ್ಗರಿಸಿದೆ. ಮನೆಯವಳು ದಿನಾ ಬೈಯುವುದು, ‘ನೋಡ್ಕೊಂಡು ನಡೀರಿ’ ಅಂತ. ನಾನು ನೋಡಿಕೊಂಡೇ ನಡೆಯುತ್ತಿದ್ದೆ!

ಕೊನೆಗೆ ಫಿಸಿಯೋಥೆರಪಿ ಮಾಡಿಸಲು ಬರುವ ಹುಡುಗಿ ನೋಡಿ ನಕ್ಕಳು. ‘ಅಂಕಲ್, ಇದನ್ನ ಬಲಗೈಗೆ ಸೆಟ್ ಮಾಡಿದ್ದಾರೆ, ನೀವು ಎಡಗೈಯಲ್ಲಿ ಹಿಡಿದಿದ್ದೀರಿ.’

ಸೋತ ಕಾಲಿನ ಕಡೆಗೇ ಕೋಲು ಅಂತ ಬಹಳ ಜನ ತಿಳಿದಿರುತ್ತಾರೆ. ಅಂಗಡಿಯವನೂ ‘ಯಾವ ಕಡೆ ಹೋಗಿದೆ’ ಅಂತ ಕೇಳಿ, ಬಲ ಅಂದಿದ್ದಕ್ಕೆ ಹಾಗೇ ಕೂರಿಸಿ ಕೊಟ್ಟಿದ್ದ. ಹಿಡಿಯಬೇಕಾದದ್ದು ಗಟ್ಟಿ ಇರುವ ಕೈಯಲ್ಲಿ. ಕೋಲಿನ ಕಾಲುಗಳಲ್ಲಿ ಒಂದು ಬದಿ ನೇರ, ಇನ್ನೊಂದು ಬದಿ ಹೊರಗೆ ಚಾಚಿರುತ್ತದೆ. ನೇರ ಇರುವುದು ಮೈ ಕಡೆಗಿರಬೇಕು. ನನ್ನದರಲ್ಲಿ ಚಾಚಿದ ಕಾಲುಗಳೇ ಒಳಗಿದ್ದವು. ಅವಳು ಕೊಳವೆಯ ಗುಂಡಿ ಒತ್ತಿ, ಹಿಡಿಯನ್ನು ಅರ್ಧ ಸುತ್ತು ತಿರುಗಿಸಿದಳು. ಟಕ್ ಅಂತ ಕೂತಿತು. ಚಪ್ಪಲಿ ಹಾಕಿಸಿ, ಕೈ ಇಳಿಬಿಡಿಸಿ, ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರುವಂತೆ ಎತ್ತರವನ್ನೂ ಸರಿ ಮಾಡಿದಳು. ಎರಡು ನಿಮಿಷದ ಕೆಲಸ. ನಾನು ಹದಿನೈದು ದಿನ ಸುಮ್ನೆ ಬೈಸಿಕೊಂಡಿದ್ದೆ.

ಮೆಟ್ಟಿಲಿಗೆ ಮಾತ್ರ ಇದು ಅಷ್ಟಕ್ಕಷ್ಟೇ. ನಾಲ್ಕೂ ಕಾಲು ಊರಲು ಜಾಗ ಸಾಲದು. ಮಹಡಿಗೆ ಹೋಗುವಾಗ ಕೋಲು ಕೆಳಗೇ ಬಿಟ್ಟು, ಕಂಬಿ ಹಿಡಿದು, ಗಟ್ಟಿ ಕಾಲು ಮೊದಲಿಟ್ಟು ಹತ್ತುತ್ತೇನೆ. ಇಳಿಯುವಾಗ ಸೋತ ಕಾಲು ಮೊದಲು. ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ ಒಬ್ಬರು ಇರಲೇಬೇಕು.

ದಿನಾ ಬಸ್ಸು ಹತ್ತುವವರಿಗೆ ಇದು ಭಾರ ಅನ್ನಿಸಬಹುದು. ನನ್ನ ಓಡಾಟ ಮನೆ, ಓಣಿ, ಸಂಜೆ ಮಗನ ಜೊತೆ ರಾಂ ಅಂಡ್ ಕೋ ಸರ್ಕಲ್, ಅಷ್ಟೇ. ವಾಕರ್‌ಗಿಂತ ಕಡಿಮೆ ಬೆಲೆಗೆ ಬಂತು. ಮೊದಲೇ ಇದನ್ನು ತಂದಿದ್ದರೆ ಉಳಿದ ದುಡ್ಡು ನಾಲ್ಕು ದಿನದ ಫಿಸಿಯೋಥೆರಪಿಗೆ ಆಗುತ್ತಿತ್ತು. ಮೊನ್ನೆ ಸರ್ಕಲ್‌ನಲ್ಲಿ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿ, ಎಡಗೈಯಲ್ಲೇ ಮಂಡಕ್ಕಿ ತಿಂದೆ. ಅರ್ಧ ಅಂಗಿ ಮೇಲೆ ಬಿತ್ತು. ಕೋಲು ಬೀಳಲಿಲ್ಲ.