2000 ವ್ಯಾಟ್ ಅಂತ ಬರೆದ ಹಗುರವಾದ ಕನ್ವರ್ಟರ್ ನಂಬಬೇಡಿ

ಹೊರದೇಶದಿಂದ ತಂದ ಸಾಮಾನಿಗೆ ವೋಲ್ಟೇಜ್ ಕನ್ವರ್ಟರ್ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಮೇಲೆ ದೊಡ್ಡದಾಗಿ 2000 ವ್ಯಾಟ್ ಅಂತ ಬರೆದಿರುತ್ತದೆ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಚೆನ್ನಾಗಿದ್ದ ಆಂಪ್ಲಿಫೈಯರ್ ಅದರಿಂದಲೇ ಹಾಳಾಯಿತು.

ಆ ಆಂಪ್ಲಿಫೈಯರ್ ಅಣ್ಣ ಅಮೆರಿಕದಿಂದ ತಂದದ್ದು. ಹಿಂದುಗಡೆ 120 ವೋಲ್ಟ್, 60 ಹರ್ಟ್ಸ್ ಅಂತ ಅಚ್ಚಾಗಿದೆ. ನಮ್ಮ ಲೈನ್ 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಅನ್ನುವ ಲೆಕ್ಕ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ, ಅದಕ್ಕೇ ಕನ್ವರ್ಟರ್ ತಗೊಂಡೆ. ಆಡಿಯೋ ಸಾಮಾನಿಗೆ ಆಗುತ್ತಾ ಅಂತ ಕೇಳಿಯೇ ತಗೊಂಡದ್ದು. "ಎಲ್ಲದಕ್ಕೂ ಆಗುತ್ತೆ ಸಾರ್, ಇದು 2000 ವ್ಯಾಟ್, ನಿಮ್ಮದು ಬರೀ 200" ಅಂದರು ಮಾರಿದವರು.

ಆನ್ ಮಾಡಿದ ಕೂಡಲೇ ಆಂಪ್ಲಿಫೈಯರ್ ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನತೊಡಗಿತು. ಸ್ವಿಚ್‌ಗೆ ಕೈ ಹಾಕುವಷ್ಟರಲ್ಲಿ ಪಟ್ ಅಂತ ಸದ್ದು, ಹಿಂದೆಯೇ ಕೊಳೆತ ಮೀನಿನಂಥ ವಾಸನೆ. ಬಿಚ್ಚಿ ನೋಡಿದರೆ ಕರೆಂಟ್ ತುಂಬಿಟ್ಟುಕೊಳ್ಳುವ ಎರಡು ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿ ಸೀಳಿತ್ತು.

ರಿಪೇರಿಯವರು ಕನ್ವರ್ಟರ್ ಡಬ್ಬಿಯನ್ನೂ ಬಿಚ್ಚಿ ತೋರಿಸಿದರು. ಒಳಗೆ ಟ್ರಾನ್ಸ್‌ಫಾರ್ಮರೇ ಇಲ್ಲ! ಇದ್ದದ್ದು ಒಂದು ಟ್ರಯಾಕ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್‌ಗಳಲ್ಲಿ ಇರುತ್ತಲ್ಲ, ಅದೇ. ಅದು ಕರೆಂಟಿನ ಅಲೆಯಲ್ಲಿ ಒಂದಷ್ಟು ಭಾಗ ಕತ್ತರಿಸಿ ಉಳಿದದ್ದನ್ನು ಹಾಗೇ ಬಿಡುತ್ತದೆ, ಅಷ್ಟೇ. ಒಟ್ಟು ಕಾವು 120 ವೋಲ್ಟ್ ಕೊಡುವಷ್ಟೇ ಬರುತ್ತದೆ, ಹಾಗಾಗಿ ಬರೀ ಕಾಯಿಲ್ ಇರುವ ಇಸ್ತ್ರಿಪೆಟ್ಟಿಗೆ, ಕೆಟಲ್ ಥರದವು ನಡೆದುಬಿಡುತ್ತವೆ. ಆದರೆ ಸರಿಯಾದ 120 ವೋಲ್ಟ್ ಅಲೆಯ ತುದಿ ಸುಮಾರು 170 ವೋಲ್ಟ್ ಮುಟ್ಟಿದರೆ, ಹೀಗೆ ಕತ್ತರಿಸಿದ ಅಲೆಯ ತುದಿ 300ರ ಹತ್ತಿರ ಹೋಗುತ್ತದೆ, ಕೆಪಾಸಿಟರ್ ತುಂಬಿಕೊಳ್ಳುವುದೂ ಆ ತುದಿಯ ಲೆಕ್ಕದಲ್ಲೇ. ಸಿಡಿಯದೆ ಇನ್ನೇನು ಮಾಡುತ್ತೆ? ಡಬ್ಬಿಯ ಮೇಲೆ ಇದರ ಬಗ್ಗೆ ಒಂದಕ್ಷರ ಇಲ್ಲ. ಮಾರಿದವರನ್ನು ಕೇಳಿದರೆ "ನೀವೇ ಓವರ್‌ಲೋಡ್ ಮಾಡಿದ್ದೀರಿ" ಅಂತಾರೆ. 2000 ವ್ಯಾಟ್‌ನ ಡಬ್ಬಿಗೆ 200 ವ್ಯಾಟ್ ಓವರ್‌ಲೋಡಂತೆ!

ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಈ ತಲೆನೋವು ಸಾಮಾನ್ಯವಾಗಿ ಇಲ್ಲ. ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್ ಅಂತ ಬರೆದಿದ್ದರೆ ಪಿನ್ ಬದಲಿಸಿದರೆ ಸಾಕು, ಸುಮ್ನೆ ಕನ್ವರ್ಟರಿಗೆ ದುಡ್ಡು ಹಾಕಬೇಡಿ. ಬರೀ 120 ಅಂತಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಒಳಗೆ ಕಬ್ಬಿಣ, ತಾಮ್ರ ಇರುತ್ತದೆ, 500 ವ್ಯಾಟ್‌ನದ್ದೂ ಎತ್ತಿದರೆ ಕೈಗೆ ಗೊತ್ತಾಗುತ್ತದೆ. ಸಾಮಾನಿನ ವ್ಯಾಟ್‌ಗಿಂತ ಜಾಸ್ತಿ ಇರುವುದನ್ನೇ ತಗೊಳ್ಳಿ. ಜಪಾನಿನದ್ದಾದರೆ 100 ವೋಲ್ಟ್, ಅದಕ್ಕೆ ಬೇರೆಯದೇ ಬೇಕು.

ಇಷ್ಟಾದರೂ ಹರ್ಟ್ಸ್ ಬದಲಾಗುವುದಿಲ್ಲ. ಆಂಪ್ಲಿಫೈಯರ್ ಈಗ ರಿಪೇರಿಯಾಗಿ ಟ್ರಾನ್ಸ್‌ಫಾರ್ಮರ್ ಮೇಲೆ ಹಾಡುತ್ತಿದೆ. ಅಣ್ಣ ಮುಂದಿನ ಸಲ ಹಳೇ ಟರ್ನ್‌ಟೇಬಲ್ ತರ್ತೀನಿ ಅಂದ. ಅದರಲ್ಲಿ ಎಸಿ ಮೋಟಾರ್ ಇದ್ದರೆ ಓಡುವುದು 60 ಹರ್ಟ್ಸ್ ಲೆಕ್ಕದಲ್ಲಿ, ಇಲ್ಲಿ ಹಾಕಿದರೆ ನಿಮಿಷಕ್ಕೆ 33 ಸುತ್ತಿನ ರೆಕಾರ್ಡ್ 28ಕ್ಕೆ ಇಳಿಯುತ್ತದೆ. ಡಿಸಿ ಮೋಟಾರಿನದ್ದಾದರೆ ತಾ, ಇಲ್ಲದಿದ್ದರೆ ಬೇಡ ಅಂದಿದ್ದೀನಿ.